ಹೆಣ್ಣುಮಕ್ಕಳ ಬಡ್ತಿ ನಿಂತಿರುವುದು ಫೈಲಿನಲ್ಲಿ: ದಾವಣಗೆರೆ, ಚಿತ್ರದುರ್ಗದ ವಿಜ್ಞಾನ–ಎಂಜಿನಿಯರಿಂಗ್ ಸಂಸ್ಥೆಗಳ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಕುಲಪತಿಗಳು, ಪ್ರಾಂಶುಪಾಲರು, ಆಡಳಿತ ಮಂಡಳಿಗಳ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು, ಸಂಶೋಧನಾ ಕೇಂದ್ರಗಳ ಮುಖ್ಯಸ್ಥರು ಹಾಗೂ ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ

ಮಾನ್ಯರೇ,

ದಾವಣಗೆರೆಯ ಎ.ವಿ. ಕಮಲಮ್ಮ ಮಹಿಳಾ ಕಾಲೇಜು, ಚಿತ್ರದುರ್ಗದ ಸರ್ಕಾರಿ ವಿಜ್ಞಾನ ಕಾಲೇಜು, ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್ ಶಿವಗಂಗೋತ್ರಿ, ಗುಡ್ಡದರಂಗವ್ವನಹಳ್ಳಿಯಲ್ಲಿರುವ ಅದರ ಸ್ನಾತಕೋತ್ತರ ಕೇಂದ್ರ ಜ್ಞಾನಗಂಗೋತ್ರಿ – ಎಲ್ಲಿಗೆ ಹೋದರೂ ವಿಜ್ಞಾನ ತರಗತಿಯಲ್ಲಿ ಹೆಣ್ಣುಮಕ್ಕಳಿಗೆ ಬರವಿಲ್ಲ. ದೇಶದ ಲೆಕ್ಕವೂ ಹೀಗೇ ಇದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ವಿಜ್ಞಾನ ವಿಭಾಗದ 57.2 ಲಕ್ಷ ವಿದ್ಯಾರ್ಥಿಗಳಲ್ಲಿ 29.8 ಲಕ್ಷ ಹೆಣ್ಣುಮಕ್ಕಳು. ಅದೇ ದೇಶದಲ್ಲಿ ಸಂಶೋಧನೆಯನ್ನೇ ಕೆಲಸವಾಗಿ ಮಾಡುತ್ತಿರುವವರನ್ನು ಎಣಿಸಿದರೆ ಹೆಂಗಸರ ಪಾಲು ಐದರಲ್ಲಿ ಒಂದನ್ನೂ ಮುಟ್ಟುವುದಿಲ್ಲ.

ನಡುವೆ ಎಲ್ಲಿ ಹೋದರು ಎಂದು ಕೇಳಿದರೆ ಸ್ಟಾಫ್ ರೂಮುಗಳಲ್ಲಿ ಸಿದ್ಧ ಉತ್ತರವಿದೆ: ಮದುವೆಯಾಯಿತು, ಮಕ್ಕಳಾದವು, ಅವರಿಗೇ ಬೇಡವಾಯಿತು. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಕೆಲಸದಲ್ಲಿ ಉಳಿದ ಹೆಣ್ಣುಮಕ್ಕಳ ಸೇವಾ ಪುಸ್ತಕಗಳನ್ನೇ ತೆಗೆದು ನೋಡಿ. ಎಲ್ಲೋ ಒಂದು ರಜೆಯ ನಮೂದು ತಪ್ಪಿರುತ್ತದೆ, ಒಂದು ಅರ್ಜಿ ಮೂರು ತಿಂಗಳು ತಡವಾಗಿರುತ್ತದೆ, ಒಂದು ತರಬೇತಿಗೆ ಬಿಡುಗಡೆ ಆದೇಶವೇ ಸಿಕ್ಕಿರುವುದಿಲ್ಲ. ಬಡ್ತಿ ನಿಂತಿರುವುದು ಅಲ್ಲಿ. ಹೊಸ ಕಾನೂನು ಬೇಕೆಂದು ಈ ಪತ್ರ ಬರೆಯುತ್ತಿಲ್ಲ. ಇರುವ ನಿಯಮಗಳು ಬಹುಮಟ್ಟಿಗೆ ಹೆಣ್ಣುಮಕ್ಕಳ ಪರವಾಗಿಯೇ ಇವೆ. ಅವುಗಳನ್ನು ನಿಮ್ಮ ಕಚೇರಿಯ ಮೇಜಿನ ಮೇಲೆ ಸರಿಯಾಗಿ ಓದಿಸಿ, ಸರಿಯಾಗಿ ಲೆಕ್ಕ ಹಾಕಿಸಿ ಎಂದು ಕೇಳಲು ಬರೆಯುತ್ತಿದ್ದೇವೆ.

ಮೊದಲಿಗೆ ಬಡ್ತಿಯ ಲೆಕ್ಕ. ಅತಿ ಹೆಚ್ಚು ನಷ್ಟವಾಗುತ್ತಿರುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯಂತೆ ಪಿಎಚ್.ಡಿ. ಇರುವ ಸಹಾಯಕ ಪ್ರಾಧ್ಯಾಪಕಿ ಆರಂಭದ ವೇತನ ಹಂತವಾದ ಲೆವೆಲ್ 10ರಿಂದ 11ಕ್ಕೆ ಹೋಗಲು 4 ವರ್ಷ ಬೇಕು. ಅಲ್ಲಿಂದ 12ಕ್ಕೆ 5 ವರ್ಷ, 13ಎ ಅಂದರೆ ಸಹ ಪ್ರಾಧ್ಯಾಪಕ ಹುದ್ದೆಗೆ 3 ವರ್ಷ, ಪ್ರಾಧ್ಯಾಪಕ ಹುದ್ದೆಗೆ ಮತ್ತೆ 3 ವರ್ಷ. ಮೊದಲ ಹಂತಕ್ಕೆ ನಾಲ್ಕರಲ್ಲಿ ಕನಿಷ್ಠ ಮೂರು ವರ್ಷಗಳ ವಾರ್ಷಿಕ ಮೌಲ್ಯಮಾಪನದಲ್ಲಿ ‘ಉತ್ತಮ’ ಅಥವಾ ‘ತೃಪ್ತಿಕರ’ ಶ್ರೇಣಿ ಸಿಗಬೇಕು. ಹಂಚಿಕೆಯಾದ ತರಗತಿಗಳಲ್ಲಿ ಶೇ. 80 ಅಥವಾ ಹೆಚ್ಚು ತೆಗೆದುಕೊಂಡಿದ್ದರೆ ಬೋಧನೆ ‘ಉತ್ತಮ’, 70ರಿಂದ 80ರೊಳಗಿದ್ದರೆ ‘ತೃಪ್ತಿಕರ’, 70ಕ್ಕಿಂತ ಕೆಳಗಿಳಿದರೆ ಎರಡೂ ಅಲ್ಲ.

ಈಗ ಹೆರಿಗೆ ರಜೆಯ 26 ವಾರಗಳನ್ನು ಈ ಲೆಕ್ಕದೊಳಗೆ ಇಡಿ. ವರ್ಷಕ್ಕೆ 16 ವಾರಗಳ ಎರಡು ಸೆಮಿಸ್ಟರ್, ಒಟ್ಟು 32 ಬೋಧನಾ ವಾರಗಳು ಎಂದುಕೊಳ್ಳೋಣ. ರಜೆ ಒಂದು ಶೈಕ್ಷಣಿಕ ವರ್ಷದ ಕೊನೆಯ 8 ವಾರಗಳನ್ನೂ ನಡುವಿನ 10 ವಾರಗಳ ಬಿಡುವನ್ನೂ ಮುಂದಿನ ವರ್ಷದ ಮೊದಲ 8 ವಾರಗಳನ್ನೂ ತೆಗೆದುಕೊಂಡಿತು. ಇದು ಅಪರೂಪದ ಸಂಗತಿಯೇನಲ್ಲ. ಕೆಲಸದಲ್ಲಿದ್ದ 24 ವಾರಗಳಲ್ಲಿ ಆಕೆ ಶೇ. 90ರಷ್ಟು ತರಗತಿ ತೆಗೆದುಕೊಂಡಿದ್ದಾರೆ. ಕಚೇರಿಯವರು ತರಗತಿಗಳನ್ನು ಇಡೀ 32 ವಾರಗಳಿಂದ ಭಾಗಿಸುತ್ತಾರೆ. ಬರುವುದು ಶೇ. 67.5. ಎರಡು ವರ್ಷವೂ 67.5. ನಾಲ್ಕರಲ್ಲಿ ಎರಡು ವರ್ಷ ಕೆಟ್ಟುಹೋಯಿತು, ಅರ್ಜಿ ತಿರಸ್ಕೃತ. ಒಂದೇ ಹೆರಿಗೆಗೆ ಇಷ್ಟು.

ಇದು ತಪ್ಪು ಲೆಕ್ಕ. ಅದೇ ನಿಯಮಾವಳಿಯ ಎರಡನೇ ಅನುಬಂಧದಲ್ಲಿ, ಮೌಲ್ಯಮಾಪನದ ಮೊದಲ ಕೋಷ್ಟಕದ ಕೆಳಗಿನ ಟಿಪ್ಪಣಿ ಸ್ಪಷ್ಟವಾಗಿದೆ: ಹೆರಿಗೆ ರಜೆ, ಶಿಶುಪಾಲನಾ ರಜೆ, ವೈದ್ಯಕೀಯ ರಜೆ, ಅಧ್ಯಯನ ರಜೆ ಮುಂತಾದ ವೇತನಸಹಿತ ರಜೆಗಳ ಅವಧಿಯನ್ನು ಮೌಲ್ಯಮಾಪನದಿಂದ ಹೊರಗಿಡಬೇಕು, ಉಳಿದ ಅವಧಿಯನ್ನು ಮಾತ್ರ ಅಳೆದು ಅದನ್ನೇ ಇಡೀ ಅವಧಿಗೆ ಅನ್ವಯಿಸಬೇಕು, ರಜೆಯ ಕಾರಣಕ್ಕೆ ಬಡ್ತಿಯಲ್ಲಿ ಯಾವ ನಷ್ಟವೂ ಆಗಬಾರದು. ಅಂದರೆ 24 ವಾರಗಳಲ್ಲಿ ತೆಗೆದುಕೊಂಡ ತರಗತಿಗಳನ್ನು 24 ವಾರಗಳಿಂದಲೇ ಭಾಗಿಸಬೇಕು. ಎರಡೂ ವರ್ಷ ಶೇ. 90, ಎರಡೂ ವರ್ಷ ‘ಉತ್ತಮ’. ಕೋಷ್ಟಕ ತುಂಬುವ ಗುಮಾಸ್ತರು ಕೆಳಗಿನ ಟಿಪ್ಪಣಿಯವರೆಗೆ ಓದಿರುವುದಿಲ್ಲ. ಐಕ್ಯೂಎಸಿ (ಸಂಸ್ಥೆಯ ಆಂತರಿಕ ಗುಣಮಟ್ಟ ಭರವಸೆ ಕೋಶ) ಸಂಯೋಜಕರು ಸಹಿ ಹಾಕುವಾಗ ಶೇಕಡಾವಾರಿನ ಅಂಕಣ ನೋಡುತ್ತಾರೆಯೇ ಹೊರತು ಭಾಜಕ ಎಷ್ಟೆಂದು ಕೇಳುವುದಿಲ್ಲ. ಮೌಲ್ಯಮಾಪನ ನಮೂನೆಯಲ್ಲಿ ‘ರಜೆಯ ವಾರಗಳು’, ‘ಲೆಕ್ಕಕ್ಕೆ ಹಿಡಿದ ವಾರಗಳು’ ಎಂಬ ಎರಡು ಅಂಕಣ ಸೇರಿಸಿದರೆ ಈ ತಪ್ಪು ಮತ್ತೆ ನಡೆಯುವುದು ಕಷ್ಟ. ಖರ್ಚು ಒಂದು ಪುಟದ ಜೆರಾಕ್ಸ್.

ಮೊದಲ ಹಂತದಲ್ಲಿ ಬಿದ್ದ ಎರಡು ವರ್ಷ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಪ್ರತಿ ಹಂತವೂ ಎರಡು ವರ್ಷ ಹಿಂದೆ ಸರಿಯುತ್ತದೆ. ಲೆವೆಲ್ 12ರ ಆರಂಭಿಕ ಮೂಲ ವೇತನ 79,800 ರೂಪಾಯಿ, 13ಎಯದು 1,31,400. ಈ ಒಂದು ಮೆಟ್ಟಿಲನ್ನು ವರ್ಷ ತಡವಾಗಿ ಹತ್ತಿದರೆ, ವಾರ್ಷಿಕ ವೇತನ ಬಡ್ತಿಗಳನ್ನೆಲ್ಲ ಸೇರಿಸಿ ನೋಡಿದರೂ, ಮೂಲ ವೇತನದಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಹೋಗುತ್ತದೆ. ತುಟ್ಟಿಭತ್ಯೆ ಬೇರೆ. ಪ್ರಾಂಶುಪಾಲ ಹುದ್ದೆಗೆ ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ ದರ್ಜೆ, 15 ವರ್ಷ ಸೇವೆ, ಕನಿಷ್ಠ 10 ಸಂಶೋಧನಾ ಪ್ರಕಟಣೆ, 110 ಸಂಶೋಧನಾ ಅಂಕ ಕೇಳುತ್ತಾರೆ. ಆ ಪಟ್ಟಿಗೆ ಅರ್ಹರಾದ ಹೆಂಗಸರೇ ಸಿಗುವುದಿಲ್ಲ ಎಂದು ಆಯ್ಕೆ ಸಮಿತಿಯಲ್ಲಿ ಕೈಚೆಲ್ಲುವವರು, ಹತ್ತು ವರ್ಷದ ಹಿಂದೆ ಅವರ ಫೈಲಿಗೆ ಏನಾಯಿತೆಂದು ನೋಡಲಿ.

ಅರ್ಜಿಯ ದಿನಾಂಕವೂ ಅಷ್ಟೇ ಮುಖ್ಯ. ಅರ್ಹತೆಯ ದಿನಾಂಕಕ್ಕೆ ಮೂರು ತಿಂಗಳಿರುವಾಗಲೇ ಅರ್ಜಿ ಕೊಡಬಹುದು. ಅರ್ಜಿ ಬಂದ ಆರು ತಿಂಗಳೊಳಗೆ ಸಂಸ್ಥೆ ಪ್ರಕ್ರಿಯೆ ಮುಗಿಸಬೇಕು. ನಡೆಯುವುದೇನೆಂದರೆ, ಅರ್ಹತೆಯ ದಿನ ಬಂದಾಗ ಆಕೆ ಹೆರಿಗೆ ರಜೆಯಲ್ಲಿರುತ್ತಾರೆ, ‘ವಾಪಸ್ ಬಂದ ಮೇಲೆ ಕೊಡಿ’ ಎಂದು ಕಚೇರಿ ಹೇಳುತ್ತದೆ. ರಜೆಯಲ್ಲಿದ್ದವರು ಅರ್ಜಿ ಹಾಕಬಾರದೆಂಬ ನಿಯಮವೇನೂ ಇಲ್ಲ. ಇಮೇಲಿನಲ್ಲಿ ತೆಗೆದುಕೊಳ್ಳಿ, ಸ್ವೀಕೃತಿ ಕೊಡಿ, ದಿನಾಂಕ ಹಾಕಿ. ಸಹೋದ್ಯೋಗಿ ಹೆಣ್ಣುಮಕ್ಕಳಿಗೂ ಒಂದು ಮಾತು: ಸ್ವೀಕೃತಿ ಇಲ್ಲದೆ ಯಾವ ಕಾಗದವನ್ನೂ ಕೊಟ್ಟು ಬರಬೇಡಿ. ಒಳಬರುವ ಪತ್ರಗಳ ವಹಿಯ ಕ್ರಮಸಂಖ್ಯೆಯನ್ನು ನಿಮ್ಮ ಪ್ರತಿಯ ಮೇಲೆ ಬರೆಸಿಕೊಳ್ಳಿ.

ಇನ್ನು ತರಬೇತಿ. ಲೆವೆಲ್ 11ಕ್ಕೆ 21 ದಿನಗಳ ಓರಿಯೆಂಟೇಷನ್ ಕೋರ್ಸ್ ಬೇಕು. ಜೊತೆಗೆ ಕನಿಷ್ಠ ಒಂದು ವಾರದ ರಿಫ್ರೆಶರ್, ಕಾರ್ಯಾಗಾರ ಅಥವಾ ಒಂದು ಮೂಕ್ಸ್ (ಎಲ್ಲರಿಗೂ ತೆರೆದಿರುವ ಆನ್‌ಲೈನ್) ಕೋರ್ಸ್. ಕೋರ್ಸ್ ಮುಗಿಸುವುದು ಅರ್ಹತೆಯ ವರ್ಷ ದಾಟಿಹೋದರೆ ಬಡ್ತಿಯೂ ಕೋರ್ಸ್ ಮುಗಿದ ದಿನದಿಂದಲೇ. ಹಾಲೂಡಿಸುವ ತಾಯಿ ಮೂರು ವಾರ ಮೈಸೂರಿಗೋ ಧಾರವಾಡಕ್ಕೋ ಹೋಗಿರುವುದು ಹೇಗೆ? ಆದ್ದರಿಂದ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷದೊಳಗೇ ಎಲ್ಲರನ್ನೂ, ಗಂಡಸರನ್ನೂ ಸೇರಿಸಿ, ಈ ಕೋರ್ಸಿಗೆ ಕಳಿಸಿಬಿಡಿ. ಅಧ್ಯಾಪಕರಿಗೆ ತರಬೇತಿ ಕೊಡುವ ಮಾಳವೀಯ ಮಿಷನ್ ಕೇಂದ್ರಗಳು ಆನ್‌ಲೈನಿನಲ್ಲೂ ಕೋರ್ಸ್ ನಡೆಸುತ್ತವೆ. ಆನ್‌ಲೈನ್ ಎಂದಮೇಲೆ ‘ಕ್ಲಾಸ್ ತೆಗೆದುಕೊಂಡೇ ಕೋರ್ಸ್ ಮಾಡಿ’ ಎನ್ನುವ ಪದ್ಧತಿ ಹಲವೆಡೆ ಬೆಳೆದಿದೆ. ಹಾಜರಾತಿ ಕಡಿಮೆಯಾಗಿ ಪ್ರಮಾಣಪತ್ರವೇ ಸಿಗದೆ ಹೋಗುವುದು ಹೀಗೆ. ಆನ್‌ಲೈನ್ ಕೋರ್ಸಿಗೂ ಬಿಡುಗಡೆ ಆದೇಶ ಕೊಡಿ, ವೇಳಾಪಟ್ಟಿಯಲ್ಲಿ ಬದಲಿ ವ್ಯವಸ್ಥೆ ಮಾಡಿ.

ಖಾಯಂ ಇಲ್ಲದವರ ಸಂಗತಿ ಇದಕ್ಕಿಂತ ಕಷ್ಟದ್ದು. ಎಂ.ಎಸ್ಸಿ., ಎಂ.ಟೆಕ್. ಮುಗಿಸಿದ ಹೆಣ್ಣುಮಕ್ಕಳಲ್ಲಿ ಅನೇಕರು ಅತಿಥಿ ಉಪನ್ಯಾಸಕಿಯರಾಗಿ, ಒಟ್ಟು ಸಂಬಳದ ಮೇಲೆ ಖಾಸಗಿ ಕಾಲೇಜುಗಳಲ್ಲಿ, ಪ್ರಾಜೆಕ್ಟ್ ಸಹಾಯಕಿಯರಾಗಿ ವರ್ಷಗಟ್ಟಲೆ ಕಳೆಯುತ್ತಾರೆ. ಹೆರಿಗೆ ಬಂತೆಂದರೆ ‘ಮುಂದಿನ ಸೆಮಿಸ್ಟರ್ ನೋಡೋಣ’ ಎಂಬ ಮಾತು ಬರುತ್ತದೆ. ಹೆರಿಗೆ ಸೌಲಭ್ಯಕ್ಕೆ ಕಾನೂನು ಕೇಳುವುದು ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ. ದಿನಗೂಲಿ ಹೆಣ್ಣುಮಕ್ಕಳಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ದೆಹಲಿ ಪಾಲಿಕೆಯ ಪ್ರಕರಣದಲ್ಲಿ ಹೇಳಿದೆ. ಗುತ್ತಿಗೆಯ ಅವಧಿ ರಜೆಯ ನಡುವೆ ಮುಗಿದರೂ ಸೌಲಭ್ಯ ಪೂರ್ತಿ ಕೊಡಬೇಕು ಎಂದು 2023ರ ಆಗಸ್ಟಿನಲ್ಲಿ ಕವಿತಾ ಯಾದವ್ ಪ್ರಕರಣದಲ್ಲಿ ಹೇಳಿದೆ. ಗುತ್ತಿಗೆ ಪತ್ರದಲ್ಲಿ ‘ಹೆರಿಗೆ ಸೌಲಭ್ಯ ಇರುವುದಿಲ್ಲ’ ಎಂದು ಬರೆಸಿಕೊಂಡರೆ ಆ ಸಾಲಿಗೆ ಬೆಲೆಯಿಲ್ಲ. ಸಂಸ್ಥೆಗಳ ಕಾನೂನು ಸಲಹೆಗಾರರು ಆ ಸಾಲನ್ನು ಈಗಲೇ ತೆಗೆಸಲಿ. ಅನುಭವ ಪತ್ರ ತಡಮಾಡುವುದು, ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು, ಇವೂ ನಿಲ್ಲಬೇಕು. ಗಂಡನಿಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ವರ್ಗವಾದಾಗ ಆ ಕಾಗದಗಳಿಲ್ಲದೆ ಆಕೆ ಹೊಸ ಊರಿನಲ್ಲಿ ಮೊದಲ ಮೆಟ್ಟಿಲಿನಿಂದ ಶುರುಮಾಡಬೇಕಾಗುತ್ತದೆ.

ಪಿಎಚ್.ಡಿ. ವಿಚಾರಕ್ಕೆ ಬರೋಣ. 2022ರ ಯುಜಿಸಿ ನಿಯಮಗಳಲ್ಲಿ ಸಂಶೋಧನಾರ್ಥಿನಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಇದೆ, ಗರಿಷ್ಠ ಅವಧಿಯ ಮೇಲೆ ಹೆಚ್ಚುವರಿ ಎರಡು ವರ್ಷ ಇದೆ. ಕಾಗದದ ಮೇಲೆ ರಜೆ ಮಂಜೂರಾಗುತ್ತದೆ, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಸೆಮಿಸ್ಟರಿಗೊಮ್ಮೆ ನಡೆಯುವ ಸಂಶೋಧನಾ ಸಲಹಾ ಸಮಿತಿ ಆಕೆಗೆ ‘ಪ್ರಗತಿ ಇಲ್ಲ’ ಎಂದು ಬರೆಯುತ್ತದೆ, ಶುಲ್ಕದ ನೋಟಿಸು ಬರುತ್ತದೆ, ಆಕೆ ಅರ್ಧ ಮಾಡಿದ್ದ ಮಾದರಿಗಳನ್ನು ಮಾರ್ಗದರ್ಶಕರು ಇನ್ನೊಬ್ಬರಿಗೆ ಹಂಚಿರುತ್ತಾರೆ. ರಜೆಯ ಆದೇಶದಲ್ಲಿ ನಾಲ್ಕು ವಿಷಯ ಬರೆದರೆ ಈ ತೊಡಕು ಬಹುಪಾಲು ತಪ್ಪುತ್ತದೆ: ರಜೆ ಆರಂಭದ ದಿನ, ವಾಪಸಾಗುವ ದಿನ, ಪ್ರಬಂಧ ಸಲ್ಲಿಕೆಯ ಪರಿಷ್ಕೃತ ಕೊನೆಯ ದಿನ, ರಜೆಯ ಅವಧಿಯಲ್ಲಿ ಬರುವ ಪ್ರಗತಿ ಪರಿಶೀಲನೆಗಳಿಂದ ವಿನಾಯಿತಿ. ಮೂರನೆಯದನ್ನು ಬರೆಯದೆ ಬಿಟ್ಟರೆ ಐದು ವರ್ಷದ ನಂತರ ಆ ಆದೇಶದಿಂದ ಏನೂ ಸಾಬೀತಾಗುವುದಿಲ್ಲ.

ಊರು ಬಿಡಬೇಕಾದವರಿಗೂ ಅದೇ ನಿಯಮಗಳಲ್ಲಿ ದಾರಿಯಿದೆ. ಮದುವೆಯಿಂದಲೋ ಬೇರೆ ಕಾರಣದಿಂದಲೋ ಸ್ಥಳ ಬದಲಾದರೆ ಸಂಶೋಧನಾ ದತ್ತಾಂಶದೊಡನೆ ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು. ಅನುದಾನ ಸಂಸ್ಥೆಯೊಂದು ಮೂಲ ಸಂಸ್ಥೆಗೋ ಮಾರ್ಗದರ್ಶಕರಿಗೋ ಮಂಜೂರು ಮಾಡಿದ ಯೋಜನೆಯ ಭಾಗ ಆ ಕೆಲಸ ಆಗಿರಬಾರದು, ಮೂಲ ಸಂಸ್ಥೆಗೆ ಮನ್ನಣೆ ಸಲ್ಲಬೇಕು, ಅಷ್ಟೇ. ಮಾರ್ಗದರ್ಶಕರ ಒಪ್ಪಿಗೆ ಪತ್ರ ಮೇಜಿನ ಮೇಲೆ ಕೊಳೆಯುವುದರಿಂದ ಈ ಅವಕಾಶ ಕೈತಪ್ಪುತ್ತಿದೆ. ವಿಶ್ವವಿದ್ಯಾಲಯ ಇದಕ್ಕೊಂದು ಗಡುವು ಹಾಕಲಿ: 30 ದಿನ ಉತ್ತರ ಬರದಿದ್ದರೆ ಕುಲಸಚಿವರೇ ನಿರ್ಧರಿಸಲಿ. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಸಂಶೋಧನಾರ್ಥಿಗಳು ಎಂಬ ಮಿತಿಯಿದೆ. ಯಾವ ವಿಭಾಗದಲ್ಲಿ ಯಾರ ಬಳಿ ಎಷ್ಟು ಸ್ಥಾನ ಖಾಲಿಯಿದೆ ಎಂಬುದನ್ನು ಬಹಿರಂಗವಾಗಿ ಪ್ರಕಟಿಸಿ. ಆ ಮಾಹಿತಿ ಈಗ ಕಾರಿಡಾರಿನ ಮಾತಿನಲ್ಲಿ ಹರಡುತ್ತದೆ, ಸಂಜೆ ಐದರ ಬಸ್ಸು ಹಿಡಿಯುವವರ ಕಿವಿಗೆ ಅದು ಬೀಳುವುದಿಲ್ಲ.

ಬಸ್ಸಿನ ಮಾತು ಬಂದದ್ದರಿಂದ ಪ್ರಯೋಗಾಲಯದ ವೇಳೆಯ ಬಗ್ಗೆ ಹೇಳಲೇಬೇಕು. ‘ಹೆಣ್ಣುಮಕ್ಕಳು ರಾತ್ರಿ ಲ್ಯಾಬಿನಲ್ಲಿ ಇರುವುದಿಲ್ಲ, ಅದಕ್ಕೇ ಪೇಪರ್ ಕಡಿಮೆ’ ಎಂಬ ಮಾತನ್ನು ಕೇಳದ ವಿಭಾಗ ಇರಲಾರದು. ಉಪಕರಣವನ್ನು ಸರಿಯಾಗಿ ಬಳಸಿದರೆ ಅರ್ಧಕ್ಕರ್ಧ ಕೆಲಸಗಳಿಗೆ ರಾತ್ರಿ ಕಾಯುವ ಅಗತ್ಯವೇ ಇಲ್ಲ.

ಪದಾರ್ಥ ವಿಜ್ಞಾನದಲ್ಲಿ ಮಾದರಿ ಬೇಯಿಸುವ ವಿದ್ಯುತ್ ಕುಲುಮೆ, ಮಫಲ್ ಫರ್ನೇಸನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 5 ಡಿಗ್ರಿಯಂತೆ 30ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಏರಲು 174 ನಿಮಿಷ, ಹತ್ತಿರ ಹತ್ತಿರ ಮೂರು ಗಂಟೆ. ಅಲ್ಲಿ 6 ಗಂಟೆ ನಿಲ್ಲಬೇಕು. ಬೆಳಿಗ್ಗೆ 10ಕ್ಕೆ ಇಟ್ಟರೆ ಸಂಜೆ 7ಕ್ಕೆ ಆರಿಸಲು ಒಬ್ಬರು ಬೇಕು. ಏರಿಕೆ, ನಿಲುಗಡೆ ಎರಡನ್ನೂ ಮೊದಲೇ ತುಂಬಿಡಬಹುದಾದ ಪ್ರೋಗ್ರಾಮಬಲ್ ಕಂಟ್ರೋಲರ್ ಹಾಕಿಸಿದರೆ ಸಂಜೆ 5ಕ್ಕೆ ಇಟ್ಟು ಮನೆಗೆ ಹೋಗಬಹುದು. ರಾತ್ರಿ 8ಕ್ಕೆ 900 ಮುಟ್ಟಿ, 2ಕ್ಕೆ ತಾನೇ ಆರಿ, ತಣ್ಣಗಾಗುತ್ತಾ ಇರುತ್ತದೆ. ಬೆಳಿಗ್ಗೆ ಒಳಗಿನ ತಾಪ ನೋಡಿಕೊಂಡು ಬಾಗಿಲು ತೆರೆದರಾಯಿತು. ಇದಕ್ಕೆ ಷರತ್ತುಗಳಿವೆ. ಕಂಟ್ರೋಲರಿನಿಂದ ಬೇರೆಯೇ ಆದ ಅಧಿಕ ತಾಪ ಕಡಿತದ ಸ್ವಿಚ್ ಇರಬೇಕು. ದ್ರಾವಕದ ಪಸೆ ಇರುವ ಮಾದರಿ ಒಳಗೆ ಹೋಗಬಾರದು, ಮೊದಲು ಓವನ್ನಿನಲ್ಲಿ ಒಣಗಿಸಬೇಕು. ಸುತ್ತ ಒಂದು ಮೀಟರಿನೊಳಗೆ ಕಾಗದ, ಆಲ್ಕೊಹಾಲ್ ಬಾಟಲಿ ಇಡಬಾರದು. ನಮ್ಮ ಕಡೆ ಕರೆಂಟು ಹೋಗಿ ಬರುವುದು ಸಾಮಾನ್ಯವಾದ್ದರಿಂದ, ವಿದ್ಯುತ್ ಮರಳಿದಾಗ ಕಂಟ್ರೋಲರ್ ಪ್ರೋಗ್ರಾಮನ್ನು ಮೊದಲಿನಿಂದ ಶುರುಮಾಡದೆ ಆಗಿನ ತಾಪದಿಂದ ಮುಂದುವರಿಯುವಂತೆ ಅಥವಾ ಪೂರ್ತಿ ನಿಲ್ಲುವಂತೆ ಹೊಂದಿಸಿರಬೇಕು. ಇದನ್ನು ಮರೆತರೆ 6 ಗಂಟೆ ಬೇಯಬೇಕಾದದ್ದು 10 ಗಂಟೆ ಬೆಂದು ಮಾದರಿ ಹಾಳು.

ರಸಾಯನ ವಿಭಾಗದಲ್ಲಿ ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯೂ ಹಾಗೆಯೇ. ಒಂದೊಂದಕ್ಕೆ 30 ನಿಮಿಷದಂತೆ 20 ಮಾದರಿಗಳೆಂದರೆ 10 ಗಂಟೆ. ಮಾದರಿಗಳನ್ನು ಒಂದೊಂದಾಗಿ ತಾನೇ ತೆಗೆದುಕೊಳ್ಳುವ ಆಟೋಸ್ಯಾಂಪ್ಲರ್ ಇದ್ದರೆ ಸಂಜೆ ಸರದಿ ಹಾಕಿ ಹೋಗಬಹುದು. ನಿಮಿಷಕ್ಕೆ 1 ಮಿ.ಲೀ. ಹರಿವಿಗೆ 600 ಮಿ.ಲೀ. ದ್ರಾವಕ ಬೇಕು, ಒಂದು ಲೀಟರ್ ಬಾಟಲಿ ತುಂಬಿಡಬೇಕು. ಬಫರ್ (ಲವಣ ಬೆರೆತ ದ್ರಾವಣ) ಬಳಸಿದ್ದರೆ ಸರದಿಯ ಕೊನೆಗೆ ತೊಳೆಯುವ ವಿಧಾನವನ್ನೂ ಪಂಪ್ ನಿಲ್ಲುವ ಆದೇಶವನ್ನೂ ಸೇರಿಸಬೇಕು. ಇಲ್ಲದಿದ್ದರೆ ಉಪ್ಪು ಕಟ್ಟಿ ಪಂಪಿನ ಸೀಲ್ ಹೋಗುತ್ತದೆ, ಆಮೇಲೆ ‘ಇನ್ನು ಯಾರೂ ರಾತ್ರಿ ಬಿಡಬೇಡಿ’ ಎಂಬ ನೋಟಿಸು ಬರುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಸಂಜೆ ಹೊರಡಬೇಕಾದವರ ಮೇಲೆ. ಉಪಕರಣ ಖರೀದಿಯ ಟೆಂಡರಿನಲ್ಲೇ ಇಂಥ ಭಾಗಗಳನ್ನು ಸೇರಿಸಿ. ಆಮೇಲೆ ಹಾಕಿಸಲು ಹೋದರೆ ದುಬಾರಿ. ಉಪಕರಣ ಕಾಯ್ದಿರಿಸುವ ವಹಿ ಬಾಗಿಲಲ್ಲೇ ಇರಲಿ, ವಾರದ ಮೊದಲ ದಿನ ಎಲ್ಲರಿಗೂ ಏಕಕಾಲಕ್ಕೆ ತೆರೆಯಲಿ, ಹಗಲಿನ ವೇಳೆಯನ್ನು ಯಾರೂ ತಿಂಗಳುಗಟ್ಟಲೆ ಹಿಡಿದಿಡದಿರಲಿ.

ಬಸಿರಾದ ಮೇಲೆ ಲ್ಯಾಬಿನಿಂದ ಪೂರ್ತಿ ಹೊರಗಿಡುವ ಪದ್ಧತಿಯೂ ಇದೆ. ಕಾಳಜಿಯಿಂದಲೇ ಮಾಡುತ್ತಾರೆ, ಅನುಮಾನವಿಲ್ಲ. ಆದರೆ ಒಂದು ವರ್ಷ ಗ್ರಂಥಾಲಯದಲ್ಲಿ ಕೂರಿಸಿದರೆ ಸಂಶೋಧನೆ ಅಲ್ಲಿಗೇ ನಿಲ್ಲುತ್ತದೆ. ಅಪಾಯವಿರುವ ಕೆಲಸವನ್ನು ಮಾತ್ರ ಬದಲಿಸಿ: ಫಾರ್ಮಾಲಿನ್, ಕ್ಸೈಲೀನ್, ಸೀಸ, ಪಾದರಸ, ಬೆನ್ಜೀನ್ ಇರುವ ಕೆಲಸಗಳನ್ನು ಬೇರೆಯವರಿಗೆ ಕೊಡಿ. ದತ್ತಾಂಶ ವಿಶ್ಲೇಷಣೆ, ಸೂಕ್ಷ್ಮದರ್ಶಕದ ಕೆಲಸ, ಸಿಮ್ಯುಲೇಷನ್, ಬರವಣಿಗೆ ಆಕೆಯ ಬಳಿ ಇರಲಿ. ಆಸ್ಪತ್ರೆಗಳ ವಿಕಿರಣ ವಿಭಾಗದ ತಂತ್ರಜ್ಞೆಯರಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ ನಿಖರವಾಗಿದೆ. ಸಾಮಾನ್ಯ ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಬಸಿರು ಖಚಿತವಾದ ಮೇಲೆ ಉಳಿದ ಅವಧಿಗೆಲ್ಲ ಸೇರಿ ಭ್ರೂಣಕ್ಕೆ 1 ಮಿಲಿಸೀವರ್ಟ್. ಟಿಎಲ್‌ಡಿ ಬ್ಯಾಡ್ಜಿನ (ತಗಲಿದ ವಿಕಿರಣ ಅಳೆಯಲು ಧರಿಸುವ ಬಿಲ್ಲೆ) ವರದಿ ಮೂರು ತಿಂಗಳಿಗೊಮ್ಮೆ ಬರುವುದರಿಂದ ಬಸಿರಿನ ಸುದ್ದಿಯನ್ನು ಬೇಗ ತಿಳಿಸುವುದು ಮುಖ್ಯ. ತಿಳಿಸಿದರೆ ಕೆಲಸಕ್ಕೇ ಸಂಚಕಾರ ಎಂಬ ಭಯವಿದ್ದ ಕಡೆ ಯಾರೂ ಬೇಗ ತಿಳಿಸುವುದಿಲ್ಲ. ಆ ಭಯ ತೆಗೆಯುವುದು ಮುಖ್ಯಸ್ಥರ ಕೆಲಸ.

ರಕ್ಷಣಾ ಸಾಮಗ್ರಿಯ ಅಳತೆ ಸಣ್ಣ ವಿಷಯವೆನ್ನಿಸಬಹುದು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ಹತ್ತುವ ಎಂಜಿನಿಯರಿಗೆ ಎದೆ ಮತ್ತು ತೊಡೆಯ ಪಟ್ಟಿ ಬಿಗಿಯಾಗಿ ಕೂರದ ಹಾರ್ನೆಸ್ ಕೊಟ್ಟರೆ ಬೀಳುವಾಗ ಪಟ್ಟಿ ಜಾರುತ್ತದೆ. ವಿದ್ಯುತ್ ಉಪಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಕೈಗಿಂತ ದೊಡ್ಡ ರಬ್ಬರ್ ಗ್ಲೌಸ್ ಹಿಡಿತ ತಪ್ಪಿಸುತ್ತದೆ. ಖರೀದಿ ಪಟ್ಟಿಯಲ್ಲಿ ಸಣ್ಣ ಅಳತೆಯನ್ನೂ ಬರೆಯಿರಿ. ಹಳೆಯ ವರ್ಕ್‌ಶಾಪ್ ಕಟ್ಟಡಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿ, ಇದನ್ನು ಇನ್ನೂ ಕೇಳಬೇಕಾಗಿ ಬಂದಿರುವುದೇ ನೋವಿನ ಸಂಗತಿ.

ಸಮಿತಿಗಳ ಹಂಚಿಕೆಯನ್ನೂ ನೋಡಿ. ಸ್ವಾಗತ, ನಿರೂಪಣೆ, ಪ್ರಾರ್ಥನೆ, ಊಟದ ಉಸ್ತುವಾರಿ ಹೆಣ್ಣುಮಕ್ಕಳಿಗೆ. ಖರೀದಿ, ಕಟ್ಟಡ, ಸಂಶೋಧನೆ, ಪರೀಕ್ಷಾ ವಿಭಾಗದ ಮುಖ್ಯಸ್ಥಿಕೆ ಗಂಡಸರಿಗೆ. ಮುಂದೆ ಡೀನ್, ಕುಲಸಚಿವ, ಪ್ರಾಂಶುಪಾಲ ಹುದ್ದೆಗೆ ಸಂದರ್ಶನ ನಡೆಯುವಾಗ ‘ಆಡಳಿತಾನುಭವ’ ಎಂದು ಎಣಿಸುವುದು ಎರಡನೆಯ ಗುಂಪನ್ನು. ಎರಡು ವರ್ಷಕ್ಕೊಮ್ಮೆ ಸರದಿ ಬದಲಿಸಿ, ಪ್ರತಿ ಖರೀದಿ ಸಮಿತಿಯಲ್ಲೂ ಸಂಶೋಧನಾ ಸಮಿತಿಯಲ್ಲೂ ಕನಿಷ್ಠ ಇಬ್ಬರು ಮಹಿಳೆಯರಿರಲಿ. ಒಬ್ಬರೇ ಇದ್ದರೆ ಸಭೆಯ ನಡಾವಳಿ ಬರೆಯುವ ಕೆಲಸ ಅವರಿಗೇ ಬೀಳುತ್ತದೆ. ಸಭೆಗಳು ಸಂಜೆ ನಾಲ್ಕರೊಳಗೆ ಮುಗಿಯಲಿ.

ಕೆಲಸ ಬಿಟ್ಟು ಕೆಲ ವರ್ಷ ಮನೆಯಲ್ಲಿದ್ದವರು ಮರಳುವುದಕ್ಕೂ ಬಾಗಿಲಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಯಡಿ ಪಿಎಚ್.ಡಿ. ಮಾಡಲು, ಪಿಎಚ್.ಡಿ. ನಂತರದ ಸಂಶೋಧನೆಗೆ, ಬೌದ್ಧಿಕ ಆಸ್ತಿ ಕ್ಷೇತ್ರದ ಒಂದು ವರ್ಷದ ತರಬೇತಿಗೆ ಬೇರೆ ಬೇರೆ ಅವಕಾಶಗಳಿವೆ. ಸಂಶೋಧನಾ ಅರ್ಜಿಗೆ ಯೋಜನಾ ಪ್ರಸ್ತಾವ, ಬಜೆಟ್, ಮಾರ್ಗದರ್ಶಕರ ಒಪ್ಪಿಗೆಯ ಜೊತೆ ಆತಿಥೇಯ ಸಂಸ್ಥೆಯ ಮುಖ್ಯಸ್ಥರ ಸಹಿ ಇರುವ ಅನುಮೋದನಾ ಪತ್ರ ಬೇಕು. ಎಡವುವುದು ಈ ಕೊನೆಯ ಕಾಗದದಲ್ಲಿ. ‘ಆಕೆ ನಮ್ಮ ಸಿಬ್ಬಂದಿಯೇ ಅಲ್ಲ’ ಎಂದು ಕಚೇರಿ ಹಿಂದೇಟು ಹಾಕುತ್ತದೆ, ಫೈಲು ಆಡಳಿತ ಮಂಡಳಿಗೆ ಹೋಗುತ್ತದೆ, ಮಂಡಳಿಯ ಸಭೆ ಮುಂದಿನ ತಿಂಗಳು, ಅರ್ಜಿಯ ಕೊನೆಯ ದಿನ ಈ ತಿಂಗಳು. ಹೊರಗಿನವರಿಗಾಗಿಯೇ ಮಾಡಿರುವ ಯೋಜನೆ ಇದು. ಸಂಸ್ಥೆ ಕೊಡಬೇಕಾದದ್ದು ಜಾಗ, ಉಪಕರಣ ಬಳಕೆ, ಲೆಕ್ಕಪತ್ರ ನಿರ್ವಹಣೆ. ಅನುಮೋದನಾ ಪತ್ರಕ್ಕೆ ಮೂರು ಕೆಲಸದ ದಿನಗಳ ಗಡುವು ಹಾಕಿ, ಸಹಿಯ ಅಧಿಕಾರವನ್ನು ಪ್ರಾಂಶುಪಾಲರಿಗೇ ಕೊಡಿ. ಅನುದಾನ ಬಂದ ಮೇಲೆ ವರ್ಷಕ್ಕೊಮ್ಮೆ ಹಣ ಬಳಕೆಯ ಪ್ರಮಾಣಪತ್ರವನ್ನು ಲೆಕ್ಕ ವಿಭಾಗ ಸಮಯಕ್ಕೆ ಕಳಿಸಲಿ. ತಡವಾದರೆ ಎರಡನೇ ಕಂತು ನಿಲ್ಲುತ್ತದೆ, ಆಕೆಯ ಫೆಲೋಶಿಪ್ಪೂ ನಿಲ್ಲುತ್ತದೆ.

ಕುದಾಪುರದ ಕಡೆಗೂ ಒಂದು ಮಾತು. ಚಳ್ಳಕೆರೆ ತಾಲ್ಲೂಕಿನ ಆ ಬಯಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1500 ಎಕರೆಯ ಎರಡನೇ ಕ್ಯಾಂಪಸ್ ಇದೆ, ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. ಇಸ್ರೋದ ಮರುಬಳಕೆ ಉಡಾವಣಾ ವಾಹನ 2023ರ ಏಪ್ರಿಲ್ 2ರಂದು, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇಳಿದದ್ದು ಇಲ್ಲೇ. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಇದೇ ವಿಜ್ಞಾನ ಸಂಸ್ಥೆಗೆ ಬಂದಾಗ ಅದರ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಮೊದಲು ನಿರಾಕರಿಸಿ, ಆಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿದ ರಾಜೇಶ್ವರಿ ಚಟರ್ಜಿ ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ಎಂಜಿನಿಯರಿಂಗ್ ಕಲಿಸಿ ವಿಭಾಗದ ಮುಖ್ಯಸ್ಥೆಯಾದರು. ಆ ಹೆಸರುಗಳನ್ನು ವಿಜ್ಞಾನ ದಿನದಂದು ಫಲಕದ ಮೇಲೆ ಬರೆಯುವ ಕಾಲೇಜುಗಳಲ್ಲೇ ಹೆರಿಗೆ ರಜೆ ತೆಗೆದುಕೊಂಡವರ ಪ್ರೊಬೇಷನ್ ಅವಧಿಯನ್ನು ಮೌನವಾಗಿ ಬೆಳೆಸಿಬಿಡುವುದೂ ಉಂಟು. ಬೆಳೆಸುವುದಾದರೆ ಕಾರಣ, ನಿಯಮದ ಸಂಖ್ಯೆ, ಹೊಸ ದಿನಾಂಕ ಮೂರನ್ನೂ ಲಿಖಿತವಾಗಿ ಕೊಡಿ. ಬರೆಯಲು ಹೊರಟಾಗ ಕಾರಣ ಸಿಗದೆ ಹೋಗಬಹುದು.

ಜಿಲ್ಲಾಧಿಕಾರಿಗಳಿಂದ ನಾವು ಕೇಳುವುದು ಮೂರು. ಒಂದು, ಐವತ್ತು ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು. ಇದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದದ್ದು. ಹಲವು ಸಂಸ್ಥೆಗಳು ಸೇರಿ ಒಂದೇ ಕೇಂದ್ರ ನಡೆಸಲೂ ಅವಕಾಶವಿದೆ. ದಾವಣಗೆರೆಯಲ್ಲಿ ಒಂದೇ ರಸ್ತೆಯಲ್ಲಿ ಮೂರು ನಾಲ್ಕು ಕಾಲೇಜುಗಳಿವೆ. ನೆಲಮಹಡಿಯಲ್ಲಿ, ಹತ್ತು ಮಕ್ಕಳಿಗೆ ಕನಿಷ್ಠ 120 ಚದರಡಿ ಆಡುವ ಜಾಗ, ಇಬ್ಬರು ಆಯಾಗಳು, ಹಾಲೂಡಿಸಲು ಮರೆಯಿರುವ ಮೂಲೆ, ಒಂದು ಸಣ್ಣ ಫ್ರಿಜ್. ಒಬ್ಬರೇ ಆಯಾ ಇದ್ದರೆ ಅವರು ರಜೆ ಹಾಕಿದ ದಿನ ಕೇಂದ್ರಕ್ಕೂ ಬೀಗ, ತಾಯಂದಿರಿಗೂ ರಜೆ. ಬಹುತೇಕ ಇಂಥ ಕೇಂದ್ರಗಳು ಮುಚ್ಚಿಹೋಗುವುದು ಹೀಗೆ ನಂಬಿಕೆ ಕಳೆದುಕೊಂಡು. ತಪಾಸಣೆಗೆ ಬರುವವರು ಬೋರ್ಡು ನೋಡಿ ಹೋಗದೆ ಆಯಾಗಳ ಹಾಜರಾತಿ ನೋಡಲಿ.

ಎರಡು, ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇರುವಲ್ಲೆಲ್ಲ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳೆ ಅಧ್ಯಕ್ಷೆ, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು, 90 ದಿನದಲ್ಲಿ ವಿಚಾರಣೆ. ಸಂಶೋಧನಾರ್ಥಿನಿಗೆ ಇದರಲ್ಲಿ ವಿಶೇಷ ಕಷ್ಟವಿದೆ: ದೂರು ಮಾರ್ಗದರ್ಶಕರ ಮೇಲೇ ಆದರೆ ಆಕೆಯ ಪದವಿ ಅವರ ಕೈಯಲ್ಲಿರುತ್ತದೆ. 2015ರ ಯುಜಿಸಿ ನಿಯಮಗಳಲ್ಲಿ ವಿಚಾರಣೆ ನಡೆಯುವಾಗ ಆರೋಪಿತರು ದೂರುದಾರಳ ಕೆಲಸವನ್ನೋ ಪರೀಕ್ಷೆಯನ್ನೋ ಮೌಲ್ಯಮಾಪನ ಮಾಡದಂತೆ ತಡೆಯುವ ಅಧಿಕಾರವಿದೆ. ದೂರು ಬಂದ ವಾರದೊಳಗೆ ಬದಲಿ ಮಾರ್ಗದರ್ಶಕರನ್ನು ಹೆಸರಿಸುವುದು ವಾಡಿಕೆಯಾಗಲಿ. ಹತ್ತಕ್ಕಿಂತ ಕಡಿಮೆ ಜನರಿರುವ ಡಯಾಗ್ನಾಸ್ಟಿಕ್ ಲ್ಯಾಬುಗಳು, ಸಣ್ಣ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯೇ ಗತಿ. ಅದರ ಸದಸ್ಯರ ಹೆಸರು, ಫೋನ್ ನಂಬರನ್ನು ಅಲ್ಲಿನ ಗೋಡೆಗಳ ಮೇಲೆ ಅಂಟಿಸಿ.

ಮೂರು, ಶಿವಗಂಗೋತ್ರಿ, ಜ್ಞಾನಗಂಗೋತ್ರಿ, ಕುದಾಪುರ ಮೂರೂ ಊರಿನಿಂದ ಹೊರಗಿವೆ. ಸಂಜೆ ಆರೂವರೆಗೂ ಎಂಟಕ್ಕೂ ಒಂದೊಂದು ಬಸ್ಸು ಖಚಿತವಾಗಿ ಕ್ಯಾಂಪಸ್ಸಿನ ಒಳಗಿನಿಂದಲೇ ಹೊರಡುವಂತೆ ಸಾರಿಗೆ ವಿಭಾಗದವರೊಂದಿಗೆ ಮಾತಾಡಿ. ಹೆದ್ದಾರಿಯ ಕ್ರಾಸಿನಲ್ಲಿ ಕತ್ತಲಲ್ಲಿ ನಿಲ್ಲಬೇಕಾದರೆ ಮನೆಯವರು ಎರಡನೇ ವಾರವೇ ಬೇಡವೆನ್ನುತ್ತಾರೆ. ಪ್ರಯೋಗ ಅಲ್ಲಿಗೆ ನಿಂತಿತು.

ಇಷ್ಟರಲ್ಲಿ ಎಲ್ಲವೂ ಒಂದೇ ವರ್ಷದಲ್ಲಿ ಆಗುವುದಿಲ್ಲವೆಂದು ಗೊತ್ತಿದೆ. ಬರುವ ಸೆಮಿಸ್ಟರ್ ಶುರುವಾಗುವ ಮೊದಲು ಪ್ರತಿ ಸಂಸ್ಥೆಯೂ ಒಂದು ಹಾಳೆ ಪ್ರಕಟಿಸಲಿ. ಪ್ರತಿ ಅಧ್ಯಾಪಕಿ, ಅಧ್ಯಾಪಕರ ಎದುರು ಸೇರಿದ ದಿನ, ಮುಂದಿನ ಬಡ್ತಿಗೆ ಅರ್ಹತೆಯ ದಿನ, ಅರ್ಜಿ ಕೊಡಬಹುದಾದ ಮೊದಲ ದಿನ, ಬಾಕಿಯಿರುವ ಕೋರ್ಸ್, ಮೌಲ್ಯಮಾಪನದಿಂದ ಹೊರಗಿಟ್ಟ ರಜೆಯ ವಾರಗಳು, ಇಷ್ಟು ಬರೆದಿರಲಿ. ರಜೆಯ ಕಾರಣ ಬರೆಯಬೇಕಿಲ್ಲ, ವಾರಗಳ ಸಂಖ್ಯೆ ಸಾಕು. ಕಳೆದ ಐದು ವರ್ಷಗಳಲ್ಲಿ ತಿರಸ್ಕೃತವಾದ ಮಹಿಳೆಯರ ಬಡ್ತಿ ಅರ್ಜಿಗಳನ್ನು ಮತ್ತೆ ತೆರೆದು, ಭಾಗಿಸಿದ್ದು ಎಷ್ಟು ವಾರಗಳಿಂದ ಎಂದು ನೋಡಿ, ತಪ್ಪಿದ್ದರೆ ಹಿಂದಿನ ದಿನಾಂಕದಿಂದಲೇ ಬಡ್ತಿ ಕೊಡಿ. ಲೆಕ್ಕ ಹಾಕಲು ಸಹಾಯ ಬೇಕಾದರೆ ನಾವು ಬಂದು ಕೂರುತ್ತೇವೆ.

ಇಂತಿ,
ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳ ಕೆಲವು ಅಧ್ಯಾಪಕಿಯರು, ಸಂಶೋಧಕಿಯರು, ತಂತ್ರಜ್ಞೆಯರು